ಮರುಯಾತ್ರೆಗೆ ಸತ್ಕಾಲ

ಮರುಭೂಮಿಯನ್ನು ನೋಡಬೇಕೆಂದು ಹೊರಟವನು ಮೊದಲು ಕೇಳುವ ಪ್ರಶ್ನೆಯು "ಅಲ್ಲಿಗೆ ಹೋಗಲು ಒಳ್ಳೆಯ ಕಾಲ ಯಾವುದು?" ಎಂಬುದು. ಪ್ರಶ್ನೆ ಸಣ್ಣದು, ಉತ್ತರವೂ ಸಿದ್ಧವಾಗಿಯೇ ಇದೆ. ಕಾರ್ತಿಕದಿಂದ ಮಾಘದವರೆಗೆ, ಎಂದರೆ ನವೆಂಬರಿನಿಂದ ಫೆಬ್ರವರಿಯವರೆಗೆ ಹೋಗತಕ್ಕದ್ದು. ಉಳಿದ ಕಾಲದಲ್ಲಿ ಬಿಸಿಲು ಸುಡುವುದು, ಗಾಳಿ ಮರಳನ್ನು ಎರಚುವುದು. ಇಷ್ಟರಿಂದ ಕೇಳಿದವನಿಗೂ ಹೇಳಿದವನಿಗೂ ತೃಪ್ತಿಯಾಗುತ್ತದೆ. ಆದರೆ ವಿಚಾರಮಾಡಿ ನೋಡಿದಲ್ಲಿ ಈ ಪ್ರಶ್ನೆಯಲ್ಲಿ ಒಂದು ಪದ ಲುಪ್ತವಾಗಿರುವುದು ಕಂಡುಬರುವುದು. ಒಳ್ಳೆಯದು ಎಂಬ ಮಾತು ಚತುರ್ಥೀ ವಿಭಕ್ತಿಯನ್ನು ಬಯಸುವ ಮಾತು. ಯಾರಿಗೆ ಒಳ್ಳೆಯದು? ನೋಡಲು ಹೋಗುವವನಿಗೋ, ಅಲ್ಲಿ ಬಾಳುವವನಿಗೋ? ನೋಡುವವನಲ್ಲಿಯೂ ಅವನ ದೇಹಕ್ಕೋ, ಅವನ ತಿಳಿವಿಗೋ? ಈ ಲುಪ್ತಪದವನ್ನು ತುಂಬಿಕೊಂಡ ಕೂಡಲೆ, ಪ್ರಯಾಣದ ಅನುಕೂಲಕ್ಕೆ ಸಂಬಂಧಿಸಿದ ಪ್ರಶ್ನೆಯು ಧರ್ಮದ ಪ್ರಶ್ನೆಯಾಗಿ ಪರಿಣಮಿಸುತ್ತದೆ.

ಮಾತು ಬರಿಯ ತರ್ಕವಾಗದಿರಬೇಕಾದರೆ ನಿಜವಾದ ಒಂದು ಮರುಭೂಮಿಯನ್ನು ಎದುರಿಗಿಟ್ಟುಕೊಳ್ಳುವುದು ಯುಕ್ತ. ರಾಜಸ್ಥಾನದ ಪಶ್ಚಿಮಭಾಗವನ್ನೆಲ್ಲ ವ್ಯಾಪಿಸಿ ಸಿಂಧಿನವರೆಗೂ ಹಬ್ಬಿರುವ ಥಾರ್ ಮರುಭೂಮಿಯ ವಿಸ್ತಾರ ಸುಮಾರು 2 ಲಕ್ಷ ಚದರ ಕಿಲೋಮೀಟರು. ಜೈಸಲ್ಮೇರ್, ಬಾರ್ಮೇರ್, ಬಿಕಾನೇರ್, ಜೋಧಪುರಗಳು ಅದರ ಪ್ರಸಿದ್ಧ ನಗರಗಳು. ಜೈಸಲ್ಮೇರಿನಲ್ಲಿ ವರ್ಷವೊಂದಕ್ಕೆ ಬೀಳುವ ಸರಾಸರಿ ಮಳೆ 200 ಮಿಲಿಮೀಟರಿಗಿಂತಲೂ ಕಡಿಮೆ. 'ಮರು' ಎಂಬ ಶಬ್ದವನ್ನು ವೈಯಾಕರಣರು ಸಾಯುವುದೆಂಬ ಅರ್ಥದ 'ಮೃ' ಧಾತುವಿನಿಂದ ಸಾಧಿಸುವರು. ಪ್ರಾಣಿಗಳು ಎಲ್ಲಿ ಸಾಯುವುವೋ ಅದು ಮರು. ಆದರೆ ಆದಿಕವಿಯ ಅಭಿಪ್ರಾಯ ಇಷ್ಟು ಕಠೋರವಲ್ಲ. ಯುದ್ಧಕಾಂಡದಲ್ಲಿ, ಸಮುದ್ರನಿಗೆಂದು ಹೂಡಿದ ರಾಮಬಾಣವು ಉತ್ತರದ ದ್ರುಮಕುಲ್ಯವೆಂಬಲ್ಲಿ ಬಿದ್ದು, ಅಲ್ಲಿಯ ನೀರೆಲ್ಲ ಬತ್ತಿ ಆ ಪ್ರದೇಶ ಮರುಕಾಂತಾರವಾಯಿತೆಂದು ಕಥೆ. ಆಗ ರಾಮನು ಅದಕ್ಕೆ ವರವನ್ನೂ ಕೊಟ್ಟನು: ಪಶುಗಳಿಗೆ ಹಿತವಾಗಿ, ರೋಗ ವಿರಳವಾಗಿ, ಹಾಲುತುಪ್ಪಗಳಿಂದಲೂ ಓಷಧಿಗಳಿಂದಲೂ ಅದು ಸಮೃದ್ಧವಾಗಲಿ ಎಂದು. ಲೋಕದ ಮರುಭೂಮಿಗಳಲ್ಲಿ ಥಾರ್ ಅತ್ಯಂತ ಜನನಿಬಿಡವಾದವುಗಳಲ್ಲಿ ಒಂದು. ಥಾರ್‌ಪಾರ್ಕರ್ ಮತ್ತು ರಾಠಿ ಎಂಬ ಹಾಲುಗೊಡುವ ಗೋತಳಿಗಳು ಆ ಮರಳಿನಲ್ಲಿಯೇ ಬೆಳೆದುಬಂದವು. ವೈಯಾಕರಣನು ಕಂಡುದು ಆ ನೆಲದ ಬೇಸಗೆಯನ್ನು. ಕವಿಯು ಕಂಡುದು ಅದರ ವರ್ಷವಿಡೀ ಬಾಳನ್ನು ಎನ್ನಬಹುದು.

ಆ ನಾಡಿನವರು ಕಾಲವನ್ನು ಮೂರಾಗಿ ಎಣಿಸುವರು: ಸಿಯಾಳೊ ಎಂದರೆ ಚಳಿಗಾಲ, ಉನಾಳೊ ಎಂದರೆ ಬೇಸಗೆ, ಚೌಮಾಸೊ ಎಂದರೆ ಮಳೆಯ ನಾಲ್ಕು ತಿಂಗಳು. ಈ ಮೂರರ ನಡುವಣ ಅಂತರ ದಕ್ಷಿಣದವರ ಊಹೆಗೆ ಸುಲಭವಾಗಿ ನಿಲುಕುವಂತಹುದಲ್ಲ. ಚುರು ಎಂಬ ಒಂದೇ ಪಟ್ಟಣದಲ್ಲಿ ಬೇಸಗೆಯ ಉಷ್ಣತೆ 50 ಡಿಗ್ರಿಯನ್ನು ದಾಟಿದುದೂ ಚಳಿಗಾಲದ ರಾತ್ರಿಯಲ್ಲಿ ಸೊನ್ನೆಗಿಂತ ಕೆಳಗಿಳಿದುದೂ ದಾಖಲೆಯಲ್ಲಿವೆ. 2016ನೆಯ ಮೇ 19ರಂದು ಫಲೋಡಿಯಲ್ಲಿ 51 ಡಿಗ್ರಿ ಉಷ್ಣತೆ ಕಂಡುಬಂದಿತು. ಹೀಗಿರಲು, ಚಳಿಗಾಲವೇ ಯಾತ್ರೆಗೆ ಸತ್ಕಾಲವೆಂಬ ಪೂರ್ವಪಕ್ಷವು ದುರ್ಬಲವಾದುದೆಂದು ಯಾರೂ ಹೇಳಲಾರರು. ಆಗ ಹಗಲು ಹಿತವಾದ ಬಿಸಿಲು. ರಾತ್ರಿ ನಿರ್ಮಲವಾದ ಆಕಾಶ. ಜೈಸಲ್ಮೇರಿನ ಹಳದಿ ಕಲ್ಲಿನ ಕೋಟೆಕೊತ್ತಲಗಳು ಸಂಜೆಯ ಬೆಳಕಿನಲ್ಲಿ ಹೊನ್ನಿನಿಂದ ಮಾಡಿದಂತೆ ತೋರುವುವು. ಮಾಘದ ಹುಣ್ಣಿಮೆಯ ಹೊತ್ತಿಗೆ ಅಲ್ಲಿ ಮರುಭೂಮಿಯ ಉತ್ಸವವೆಂಬುದೊಂದು ನಡೆಯುತ್ತದೆ. ಹಾಡು, ಕುಣಿತ, ಒಂಟೆಗಳ ಸಾಲು, ಮರಳದಿಬ್ಬಗಳ ಮೇಲಣ ಬೆಳದಿಂಗಳು ಇವೆಲ್ಲ ಯಾತ್ರಿಕನ ಕಣ್ಣನ್ನು ತಣಿಸುವುವು. ದೇಹವನ್ನು ಕಾಪಾಡಿಕೊಳ್ಳುವುದು ಉಳಿದ ಧರ್ಮಗಳಿಗೆಲ್ಲ ಆಧಾರವೆಂದು ಹಿರಿಯರು ಒಪ್ಪಿರುವುದರಿಂದ, ಸುಖವಾದ ಕಾಲದಲ್ಲಿ ಹೋಗಬಯಸುವವನನ್ನು ಭೋಗಿಯೆಂದು ಹೀಗಳೆಯುವುದು ನ್ಯಾಯವಲ್ಲ.

ಆದರೆ ಇದೇ ಪ್ರಶ್ನೆಯನ್ನು ಆ ನೆಲದವರಿಗೆ ಕೇಳಿದರೆ ಉತ್ತರ ಬೇರೆಯಾಗುತ್ತದೆ. ಯಾವ ಊರಿಗೆ ಯಾವ ಕಾಲ ಚೆನ್ನು ಎಂದು ಎಣಿಸಿ ಹೇಳುವ ಒಂದು ನಾಣ್ಣುಡಿ ಮಾರವಾಡದಲ್ಲಿ ಬಳಕೆಯಲ್ಲಿದೆ. ಅದು ಚಳಿಗಾಲವನ್ನು ಒಂದೂರಿಗೂ ಬೇಸಗೆಯನ್ನು ಮತ್ತೊಂದೂರಿಗೂ ಹಂಚಿಕೊಟ್ಟು, ಮರಳಿನ ನಡುವಣ ಬಿಕಾನೇರಿಗೆ ಶ್ರಾವಣವನ್ನು ಕೊಡುತ್ತದೆ. ಯಾತ್ರಿಕರ ವೇಳಾಪಟ್ಟಿಯಲ್ಲಿ ಅಕಾಲವೆಂದು ಬಿಟ್ಟ ತಿಂಗಳೇ ನಿವಾಸಿಯ ಲೆಕ್ಕದಲ್ಲಿ ಸೊಗಸಿನ ತಿಂಗಳು. ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಜುಲೈಯ ಸುಮಾರಿಗೆ ಬರುವ ಮಳೆ ಸೆಪ್ಟೆಂಬರಿನಲ್ಲಿ ಹಿಂದಿರುಗುವುದು. ಅದರೊಳಗೆ ಬೀಳುವ ಕೆಲವು ದಿನಗಳ ನೀರಿನಿಂದ ಇಡೀ ವರ್ಷ ಸಾಗಬೇಕು. ಸಜ್ಜೆಯ ಬಿತ್ತನೆ ಆಗ. ಹುಲ್ಲು ಚಿಗುರುವುದು ಆಗ. ತೀಜ್ ಹಬ್ಬದ ಉಯ್ಯಾಲೆ ಆಗ. ಸಾವಿರಾರು ಜನರು ಕಾಲ್ನಡಿಗೆಯಿಂದ ರಾಮ್‌ದೇವ್ರಾಕ್ಕೆ ಹೋಗಿ, ಹಿಂದೂ ಮುಸಲ್ಮಾನರಿಬ್ಬರಿಗೂ ಪೂಜ್ಯನಾದ ರಾಮದೇವನ ಸನ್ನಿಧಿಯಲ್ಲಿ ನೆರೆಯುವುದು ಭಾದ್ರಪದದಲ್ಲಿ. ಪರಸ್ಥಳದವರಿಗಾಗಿ ಏರ್ಪಟ್ಟ ಉತ್ಸವ ಮಾಘದ್ದು. ಜನರು ತಮಗಾಗಿ ನಡಸುವ ಉತ್ಸವ ಮಳೆಗಾಲದ್ದು.

ಮಳೆ ಬಾರದ ವರ್ಷದ ಅರ್ಥವೇನೆಂಬುದನ್ನೂ ಅವರು ಮರೆತಿಲ್ಲ. ವಿಕ್ರಮ ಸಂವತ್ಸರ 1956ರಲ್ಲಿ, ಎಂದರೆ ಕ್ರಿಸ್ತಶಕ 1899–1900ರಲ್ಲಿ ಬಂದ ಮಹಾಕ್ಷಾಮಕ್ಕೆ ಆ ಸಂಖ್ಯೆಯಿಂದಲೇ 'ಛಪ್ಪನಿಯಾ' ಎಂದು ಹೆಸರು. ಬರಗಾಲದ ಹೆಸರಾಗಿ ವರ್ಷದ ಅಂಕಿಯೇ ಉಳಿದುಕೊಂಡ ನಾಡಿನಲ್ಲಿ ಮೋಡವನ್ನು ನೋಡುವ ಕಣ್ಣು ಬೇರೆಯ ಬಗೆಯದಾಗಿರುವುದು ಸಹಜ. ನೀರನ್ನು ಅವರು ಮೂರು ವಿಧವಾಗಿ ವಿಂಗಡಿಸುವರು. ಆಕಾಶದಿಂದ ಬಂದು ಕೆರೆಕುಂಟೆಗಳಲ್ಲಿ ನಿಂತ ನೀರು ಒಂದು. ಆಳವಾದ ಬಾವಿಗಳಲ್ಲಿ ಸಿಕ್ಕುವ ಪಾತಾಳದ ನೀರು ಮತ್ತೊಂದು, ಅದು ಬಹುಮಟ್ಟಿಗೆ ಉಪ್ಪು. ಇವೆರಡರ ನಡುವೆ, ಮರಳಿನಲ್ಲಿ ಇಂಗಿ, ಕೆಳಗಿನ ಜಿಪ್ಸಂ ಪದರದ ಮೇಲೆ ಕೇವಲ ತೇವವಾಗಿ ನಿಂತಿರುವುದು ಮೂರನೆಯದು. ಈ ಮೂರನೆಯ ನೀರಿಗಾಗಿ ಕಿರಿದಾದ 'ಕುಯಿ'ಗಳನ್ನು ಆಳವಾಗಿ ತೋಡುವರು. ಹನಿಹನಿಯಾಗಿ ಒಸರಿ ದಿನಕ್ಕೆ ಕೆಲವೇ ಕೊಡ ನೀರು ಅದರಲ್ಲಿ ಕೂಡುವುದು. ಇದೇ ಜಿಪ್ಸಂ ಪದರ 2006ನೆಯ ಆಗಸ್ಟಿನಲ್ಲಿ ಬೇರೊಂದು ಮುಖವನ್ನು ತೋರಿಸಿತು. ಬಾರ್ಮೇರ್ ಜಿಲ್ಲೆಯಲ್ಲಿ ಅತಿವೃಷ್ಟಿಯಾದಾಗ, ಕವಾಸ್ ಎಂಬ ಹಳ್ಳಿಯಲ್ಲಿ ನೀರು ಇಂಗಲೆಡೆಯಿಲ್ಲದೆ ತಿಂಗಳುಗಟ್ಟಲೆ ನಿಂತಿತು. ಬೇಸಗೆಯಲ್ಲಿ ಬಾಯಾರಿಕೆಯನ್ನು ಕಳೆಯುವ ಪದರವೇ ಶ್ರಾವಣದಲ್ಲಿ ಮನೆಗಳನ್ನು ಮುಳುಗಿಸಿತು. ಆದಕಾರಣ ಮಳೆಗಾಲವೂ ಅಲ್ಲಿಯವರಿಗೆ ಬರಿಯ ಸಂತೋಷದ ಕಾಲವಲ್ಲ; ಆದರೆ ಬಾಳುವೆಯ ಭವಿಷ್ಯ ನಿರ್ಣಯವಾಗುವ ಕಾಲ.

ಚಳಿಗಾಲದ ಯಾತ್ರಿಕನು ಕಾಣುವ ಸೌಂದರ್ಯವೂ ಈ ಕಾಲಕ್ಕೆ ಋಣಿಯಾಗಿರುವುದು. ಜೈಸಲ್ಮೇರಿನ ಸೀಮೆಯಲ್ಲಿ ಮರಳು ಬಯಲಿನ ನಡುವೆ ಅಲ್ಲಲ್ಲಿ ಹಸುರಾದ ಗೋದಿಯ ಹೊಲಗಳನ್ನು ಕಂಡು ಅವನು ಬೆರಗಾಗುವನು. ಅವು 'ಖಡೀನ್' ಎಂಬ ಹೊಲಗಳು. ಕಲ್ಲುನೆಲದ ಮೇಲೆ ಹರಿದುಬರುವ ಮಳೆನೀರನ್ನು ಉದ್ದನೆಯ ಒಡ್ಡಿನಿಂದ ತಡೆದು, ನೀರು ಇಂಗಿದ ಮೇಲೆ ಆ ತೇವದಲ್ಲಿಯೇ ಗೋದಿಯನ್ನೂ ಕಡಲೆಯನ್ನೂ ಬಿತ್ತುವ ಈ ವಿಧಾನವು 15ನೆಯ ಶತಮಾನದಿಂದ ಪಾಲಿವಾಲ ಬ್ರಾಹ್ಮಣರು ನಡಸಿಕೊಂಡು ಬಂದುದು. ಪುಷ್ಯಮಾಸದ ಆ ಹಸುರು ಶ್ರಾವಣದ ನೀರು; ಅದನ್ನು ಹಿಡಿದಿಟ್ಟುದು ಒಡ್ಡು ಹಾಕಿದವರ ಶ್ರಮ. ಇದನ್ನರಿಯದೆ ಹಸುರನ್ನು ಮಾತ್ರ ನೋಡಿ ಬಂದವನು ಫಲವನ್ನು ಕಂಡನೇ ಹೊರತು ಕಾರಣವನ್ನು ಕಾಣಲಿಲ್ಲ.

ಬೇಸಗೆಯ ವಿಷಯವಾಗಿ ಹೇಳತಕ್ಕುದು ಇನ್ನೂ ಹೆಚ್ಚಾಗಿದೆ. ಚೈತ್ರ ವೈಶಾಖಗಳಲ್ಲಿ ಉಳಿದುದೆಲ್ಲ ಬಾಡುತ್ತಿರುವಾಗ 'ಖೇಜಡಿ' ಎಂಬ ಮರವು ಹೊಸ ಎಲೆಯನ್ನು ಬಿಡುವುದು. ಅದರ ಎಳೆಗಾಯಿಗಳಾದ 'ಸಾಂಗರಿ'ಯನ್ನು ಕುಯ್ದು, ಬೇಯಿಸಿ ಒಣಗಿಸಿಟ್ಟು, ವರ್ಷವೆಲ್ಲ ಪಲ್ಯಕ್ಕೆ ಉಪಯೋಗಿಸುವರು. ಸೊಪ್ಪು ಆಡು ಒಂಟೆಗಳಿಗೆ ಮೇವು. ನೆರಳು ಸರ್ವರಿಗೂ ಆಶ್ರಯ. ಕನ್ನಡನಾಡಿನಲ್ಲಿ ವಿಜಯದಶಮಿಯ ದಿನ ಪೂಜೆಗೊಳ್ಳುವ ಬನ್ನಿಯೆಂಬ ಶಮೀವೃಕ್ಷವೇ ಈ ಖೇಜಡಿ. ಇಲ್ಲಿ ಬನ್ನಿಯ ಎಲೆಯನ್ನು ಬಂಗಾರವೆಂದು ಹಂಚುವುದು ವರ್ಷಕ್ಕೊಂದು ಸಂಜೆಯ ಆಚಾರ. ಮಾರವಾಡದಲ್ಲಿ ಅದು ಬಂಗಾರವೆಂಬುದು ಜ್ಯೇಷ್ಠಮಾಸದ ಪ್ರತಿ ಮಧ್ಯಾಹ್ನದ ಅನುಭವ. 1730ನೆಯ ಇಸವಿಯ ಭಾದ್ರಪದ ಶುದ್ಧ ದಶಮಿಯಂದು ಜೋಧಪುರದ ಸಮೀಪದ ಖೇಜಡ್ಲಿ ಗ್ರಾಮದಲ್ಲಿ, ಅರಮನೆಯ ಸುಣ್ಣದ ಗೂಡಿಗೆ ಸೌದೆ ಬೇಕೆಂದು ಅರಸನ ಆಳುಗಳು ಈ ಮರಗಳನ್ನು ಕಡಿಯಲು ಬಂದಾಗ, ಅಮೃತಾದೇವಿಯೆಂಬ ಬಿಷ್ಣೋಯಿ ಗೃಹಿಣಿ ಮರವನ್ನು ತಬ್ಬಿ ನಿಂತಳು. ಆಕೆಯನ್ನೂ ಆಕೆಯ ಹಿಂದೆ ಬಂದವರನ್ನೂ ಕೂಡಿ 363 ಜನರು ಅಲ್ಲಿ ಪ್ರಾಣವನ್ನೊಪ್ಪಿಸಿದರು. ಒಂದು ಮರಕ್ಕಾಗಿ ತಲೆಯನ್ನು ಕೊಡುವುದು ಚಳಿಗಾಲದ ಯಾತ್ರಿಕನಿಗೆ ಅತಿರೇಕವಾಗಿ ತೋರಬಹುದು. ಬಿಸಿಲು ಏನೆಂದು ಬಲ್ಲವನಿಗೆ ಆ ಮರದ ಬೆಲೆಯೂ ಆ ತ್ಯಾಗದ ಅರ್ಥವೂ ವಿವರಣೆಯಿಲ್ಲದೆ ತಿಳಿಯುವುವು.

ಬಿಸಿಲುಗುದುರೆಯ ದೃಷ್ಟಾಂತವೂ ಇಂತಹುದೇ. ಅದ್ವೈತದ ಗ್ರಂಥಗಳನ್ನೋದುವವನು ಮರುಮರೀಚಿಕೆಯ ಉಪಮಾನವನ್ನು ನೂರು ಸಲ ಓದಿರಬಹುದು. ಸಂಸ್ಕೃತವು ಅದನ್ನು ಮೃಗತೃಷ್ಣೆಯೆಂದು ಕರೆದು ಜಿಂಕೆಯ ಬಾಯಾರಿಕೆಯನ್ನು ನೆನೆಯಿತು. ಕನ್ನಡವು ಅದರ ಓಟವನ್ನು ಕಂಡು ಬಿಸಿಲುಗುದುರೆಯೆಂದಿತು. ತಂಪಾದ ಕೊಠಡಿಯಲ್ಲಿ ಕುಳಿತವನಿಗೆ ಅದು ಮಿಥ್ಯೆಯ ಒಂದು ಉದಾಹರಣೆ ಮಾತ್ರ. ಬರಿಯ ಕೊಡವನ್ನು ಹೊತ್ತು ಮಧ್ಯಾಹ್ನದ ದಾರಿಯಲ್ಲಿ ನಿಂತವಳಿಗೆ ಆ ಮಿಥ್ಯೆಯೂ ಒಂದು ಸಂಕಟ.

ಹಾಗಾದರೆ ನಿಜವನ್ನರಿಯಬೇಕೆನ್ನುವವನು ಬೇಸಗೆಯಲ್ಲಿಯೇ ಹೋಗತಕ್ಕದ್ದೆ? ಕೆಲವರು ಹಾಗೆಂದೂ ಸಾಧಿಸುವರು. ಕಷ್ಟವನ್ನು ಉಂಡವನೇ ಬಲ್ಲವನೆಂದು ಅವರ ಮತ. ಇಲ್ಲಿ ವಿಚಾರಶೀಲನು ತಡೆದು ನಿಲ್ಲಬೇಕು. ಮಳೆನೀರನ್ನು ಕೂಡಿಡಲು ಅಲ್ಲಿ ಮನೆಗಳ ಬಳಿ 'ಟಾಂಕಾ' ಎಂಬ ಮುಚ್ಚಿದ ನೆಲತೊಟ್ಟಿಗಳಿರುವುವು. ಕೆಲವೆಡೆ ಅವುಗಳ ಬಾಯಿಗೆ ಬೀಗ ಹಾಕುವುದೂ ಉಂಟು. ಸಟ್ಲೆಜ್ ಬಿಯಾಸ್ ನದಿಗಳು ಕೂಡುವ ಹರಿಕೆಯಿಂದ ನೀರನ್ನು ತರುವ, 1958ರಲ್ಲಿ ಆರಂಭವಾದ, ಇಂದು ಇಂದಿರಾ ಗಾಂಧಿ ಕಾಲುವೆಯೆಂದು ಕರೆಯಲ್ಪಡುವ ದೊಡ್ಡ ಕಾಲುವೆಯು ಅನೇಕ ಊರುಗಳ ಸ್ಥಿತಿಯನ್ನು ಬದಲಾಯಿಸಿದೆ. ಆದರೂ ಎಲ್ಲ ಢಾಣಿಗಳಿಗೂ, ಎಂದರೆ ಒಂಟಿಮನೆಗಳ ಎಲ್ಲ ಕೊಪ್ಪಲುಗಳಿಗೂ, ಅದರ ನೀರು ಮುಟ್ಟಿಲ್ಲ. ಅಂತಹ ಮನೆಯ ಬಾಗಿಲಿಗೆ ಜ್ಯೇಷ್ಠದಲ್ಲಿ ಹೋದ ಅತಿಥಿಗೆ ನೀರಿಲ್ಲವೆನ್ನದಿರುವುದು ಆತಿಥೇಯನ ಧರ್ಮ. ಅದನ್ನು ಬಲ್ಲವನಾಗಿಯೂ, ತನ್ನ ಸಾಹಸವನ್ನು ತೃಪ್ತಿಪಡಿಸಿಕೊಳ್ಳುವುದಕ್ಕಾಗಿ, ಮಕ್ಕಳಿಗೆಂದು ಅಳೆದಿಟ್ಟ ನೀರಿನಲ್ಲಿ ಪಾಲು ತೆಗೆದುಕೊಳ್ಳುವವನು ಜ್ಞಾನಾರ್ಥಿಯೆನಿಸಲಾರನು. ಪರರ ಕಷ್ಟವನ್ನು ಕೌತುಕಕ್ಕಾಗಿ ನೋಡುವುದೂ ಒಂದು ಭೋಗವೇ. ಅದು ಸುಖಭೋಗಕ್ಕಿಂತ ಶ್ರೇಷ್ಠವೆಂದು ಹೇಳಲು ಕಾರಣವಿಲ್ಲ.

ಚಳಿಗಾಲದ ಅತಿಥಿಯಿಂದ ಯಾರಿಗೂ ಭಾರವಿಲ್ಲವೆಂದೂ ತಿಳಿಯಕೂಡದು. 1156ರಲ್ಲಿ ರಾವಲ ಜೈಸಲನು ಕಟ್ಟಿಸಿದ ಜೈಸಲ್ಮೇರಿನ ಕೋಟೆಯೊಳಗೆ ಜನರು ಇಂದಿಗೂ ವಾಸಮಾಡುತ್ತಾರೆ. ನೀರನ್ನು ತಲೆಯ ಮೇಲೆ ಹೊತ್ತು ತಂದು ಹನಿಯಾಗಿ ಬಳಸುವ ಕಾಲಕ್ಕೆ ತಕ್ಕಂತೆ ಕಟ್ಟಿದ ಕೋಟೆ ಅದು. ಕೊಳಾಯಿಯ ನೀರು ಬಂದು, ಯಾತ್ರಿಕರಿಗಾಗಿ ವಸತಿಗೃಹಗಳು ಒಳಗೇ ಹೆಚ್ಚಿದಾಗ, ಸ್ನಾನದ ನೀರೂ ಕಕ್ಕಸಿನ ನೀರೂ ಹೊರಹೋಗಲು ಸಾಕಷ್ಟು ಮೋರಿಗಳಿಲ್ಲದೆ ತಳದ ಮೆತುವಾದ ನೆಲಕ್ಕೆ ಇಳಿದುವು. ಗೋಡೆಗಳೂ ಕೊತ್ತಲಗಳೂ ಜರಿದು ಬಿದ್ದುವು. 1996ರಲ್ಲಿ ವಿಶ್ವ ಸ್ಮಾರಕ ನಿಧಿಯು ಅದನ್ನು ಅಪಾಯಕ್ಕೊಳಗಾದ ಸ್ಮಾರಕಗಳ ಪಟ್ಟಿಯಲ್ಲಿ ಸೇರಿಸಿತು. 2013ರಲ್ಲಿ ರಾಜಸ್ಥಾನದ ಇತರ ಐದು ಗಿರಿದುರ್ಗಗಳೊಂದಿಗೆ ಅದು ವಿಶ್ವಪರಂಪರೆಯ ತಾಣವೆನಿಸಿತು. ಎಂಟು ಶತಮಾನ ಬರವನ್ನೂ ಮುತ್ತಿಗೆಯನ್ನೂ ಸಹಿಸಿದ ಕೋಟೆಗೆ ಅತಿಥಿಗಳ ಸ್ನಾನದ ನೀರು ಕುತ್ತಾಯಿತು. ಬಂದವರಲ್ಲಿ ಯಾರೂ ಕೇಡನ್ನು ಬಯಸಿದವರಲ್ಲ. ತಮ್ಮ ಮನೆಯ ಅಭ್ಯಾಸವನ್ನು ಕಟ್ಟಿಕೊಂಡು ಬಂದರು, ಅಷ್ಟೆ. ಕಾಲವನ್ನು ಸರಿಯಾಗಿ ಆರಿಸಿಯೂ ನಡತೆಯನ್ನು ಆರಿಸದಿದ್ದರೆ ಹೀಗಾಗುವುದು.

ಈ ವಿಷಯಕ್ಕೆ ಮಹಾಭಾರತದ ಆಶ್ವಮೇಧಿಕ ಪರ್ವದಲ್ಲಿ ಬರುವ ಉತ್ತಂಕನ ಕಥೆ ಬಹಳ ಬೆಳಕನ್ನು ಕೊಡುವುದು. ಯುದ್ಧವು ಮುಗಿದ ಮೇಲೆ ದ್ವಾರಕೆಗೆ ಮರಳುತ್ತಿದ್ದ ಶ್ರೀಕೃಷ್ಣನು ಮರುಪ್ರದೇಶದಲ್ಲಿ ಉತ್ತಂಕ ಋಷಿಯನ್ನು ಕಂಡು, ವಿಶ್ವರೂಪವನ್ನು ತೋರಿಸಿ, ವರವನ್ನು ಕೇಳೆಂದನು. ಈ ಮರುಭೂಮಿಯಲ್ಲಿ ನೀರು ದುರ್ಲಭ, ಬೇಕಾದಾಗ ನೀರು ದೊರೆಯಲಿ ಎಂದು ಋಷಿ ಕೇಳಿದನು. ನನ್ನನ್ನು ನೆನೆ ಎಂದು ಹೇಳಿ ಕೃಷ್ಣನು ಹೋದನು. ಒಂದು ದಿನ ಬಾಯಾರಿ ಅಲೆಯುತ್ತ ಋಷಿಯು ನೆನೆದಾಗ, ಕೊಳೆಯಾದ ಮೈಯ, ನಾಯಿಗಳಿಂದ ಸುತ್ತುವರಿದ ಒಬ್ಬ ಬೇಟೆಗಾರನಾದ ಚಂಡಾಲನು ಬಂದು ನೀರನ್ನು ಕುಡಿಯೆಂದನು. ಆ ನೀರು ಬರುತ್ತಿದ್ದ ಬಗೆಯೂ ಅಸಹ್ಯವಾಗಿತ್ತು. ಋಷಿಯು ಕೋಪಿಸಿ ನಿರಾಕರಿಸಿದನು. ಆಮೇಲೆ ಕೃಷ್ಣನು ಬಂದು ತಿಳಿಸಿದನು: ಅವನು ಇಂದ್ರ, ತಂದುದು ನೀರಲ್ಲ, ಅಮೃತ. ಮನುಷ್ಯನಿಗೆ ಅಮೃತವನ್ನು ಕೊಡಲೊಪ್ಪದ ಇಂದ್ರನು, ಈ ರೂಪದಲ್ಲಿ ಹೋದಾಗ ಸ್ವೀಕರಿಸಿದರೆ ಮಾತ್ರ ಕೊಡುವೆನೆಂದು ಪಣತೊಟ್ಟಿದ್ದನು. ಉತ್ತಂಕನು ಕೇಳಿದುದೇನೋ ನೀರನ್ನು. ಆದರೆ ಅದು ಯಾವ ರೂಪದಲ್ಲಿ, ಯಾರ ಕೈಯಿಂದ ಬರಬೇಕೆಂಬ ನಿಬಂಧನೆಯನ್ನು ತನಗರಿವಿಲ್ಲದೆಯೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದನು. ಮರುಭೂಮಿಯನ್ನು ನೋಡಬೇಕೆಂದು ಹೊರಟು, ಅದು ಬಿಸಿಲಾಗಿ ಧೂಳಾಗಿ ಬಡವನ ಗುಡಿಸಲಾಗಿ ಎದುರಿಗೆ ಬಂದಾಗ ಮುಖ ತಿರುಗಿಸುವವನ ಸ್ಥಿತಿಯೂ ಇದಕ್ಕಿಂತ ಭಿನ್ನವಾಗಿಲ್ಲ.

ಆದರೆ ಈ ಕಥೆಯಿಂದ ಕಷ್ಟವೆಲ್ಲವೂ ಅಮೃತವೆಂಬ ತಾತ್ಪರ್ಯವನ್ನು ತೆಗೆಯಬಾರದು. ಕುಯಿಯ ಬಳಿ ಕೊಡ ತುಂಬುವುದನ್ನು ಕಾಯುತ್ತ ಕುಳಿತವಳಿಗೆ ಬಿಸಿಲು ಬಿಸಿಲೇ. ಅದನ್ನು ಅಮೃತವೆಂದು ಹೊಗಳುವ ಅಧಿಕಾರ ಪರಸ್ಥಳದವನಿಗಿಲ್ಲ. ಕಥೆ ದೂಷಿಸುವುದು ರೂಪವನ್ನು ನೋಡಿ ತಿಳಿವನ್ನು ನಿರಾಕರಿಸುವುದನ್ನು ಮಾತ್ರ. ಅದೂ ಅಲ್ಲದೆ, ತಪ್ಪಿದವನನ್ನು ಕೃಷ್ಣನು ಕೈಬಿಡಲಿಲ್ಲ. ಇನ್ನು ಮೇಲೆ ನಿನಗೆ ಬಾಯಾರಿದಾಗ ಮರುಭೂಮಿಯಲ್ಲಿ ಮೋಡಗಳು ಬಂದು ಮಳೆಗರೆಯುವುವು, ಅವಕ್ಕೆ ಉತ್ತಂಕಮೇಘಗಳೆಂದು ಹೆಸರಾಗುವುದು ಎಂದು ಅನುಗ್ರಹಿಸಿದನು. ಶ್ರಾವಣವನ್ನು ಸತ್ಕಾಲವೆಂದು ಬಗೆವ ಮರಳುನಾಡಿನವರಿಗೂ ಈ ಪುರಾಣಕ್ಕೂ ಇಲ್ಲಿ ಅಭಿಪ್ರಾಯ ಒಂದಾಗುವುದು.

ಕಠೋಪನಿಷತ್ತು ಪ್ರೇಯಸ್ಸನ್ನೂ ಶ್ರೇಯಸ್ಸನ್ನೂ ಬೇರೆಬೇರೆಯೆಂದು ವಿಂಗಡಿಸಿದೆ. ಅದು ಹೇಳಿದ ಪ್ರಸಂಗ ಗಹನವಾದುದು. ಆದರೂ ಆ ವಿವೇಕ ಸಣ್ಣ ಆಯ್ಕೆಗಳಲ್ಲಿಯೂ ಉಪಯೋಗಕ್ಕೆ ಬರುವುದು. ಒಂದೇ ಸಲ ಹೋಗಬಲ್ಲ ಗೃಹಸ್ಥನು ಮಳೆಗಾಲ ಹಿಂದಿರುಗಿ ಸಜ್ಜೆಯ ಕುಯ್ಲಾದ ಮೇಲೆ, ಕಾರ್ತಿಕದ ಸುಮಾರಿಗೆ ಹೋಗುವುದು ಮೇಲು. ಆಗ ದೇಹಕ್ಕೆ ಬಾಧೆ ಕಡಿಮೆ. ಆತಿಥೇಯನ ಕಣಜದಲ್ಲಿ ಧಾನ್ಯವೂ ತೊಟ್ಟಿಯಲ್ಲಿ ನೀರೂ ಇರುವುವು. ಖಡೀನಿನ ತೇವ ಕಣ್ಣಿಗೆ ಕಾಣುವುದು. ಇಲ್ಲಿ ಪ್ರೇಯಸ್ಸಿಗೂ ಶ್ರೇಯಸ್ಸಿಗೂ ವಿರೋಧವಿಲ್ಲ. ಎರಡನೆಯ ಸಲ ಹೋಗುವ ಅನುಕೂಲವುಳ್ಳವನು ಶ್ರಾವಣ ಭಾದ್ರಪದಗಳಲ್ಲಿ ಹೋಗಿ ಆ ಜನರ ಸಂತೋಷವನ್ನೂ ಆತಂಕವನ್ನೂ ಕಾಣಲಿ. ಬೇಸಗೆಯು ಕರ್ತವ್ಯವುಳ್ಳವನ ಕಾಲ. ವೈದ್ಯನು, ನೀರಿನ ಕೆಲಸದವನು, ಬರದಲ್ಲಿ ಮೇವನ್ನೂ ಕಾಳನ್ನೂ ಒಯ್ಯುವವನು, ಅಲ್ಲಿಯ ಮನೆಯೊಂದಕ್ಕೆ ನಿಜವಾಗಿ ಬಂಧುವಾದವನು ಇವರಿಗೆ ಅಕಾಲವೆಂಬುದಿಲ್ಲ. ಉಳಿದವರು ಆ ಕಾಲವನ್ನು ಕೇಳಿ ತಿಳಿಯಬಹುದು. ಹೊನ್ನಿನಂತಹ ಕೋಟೆಯನ್ನು ನೋಡಿ ಮುಗಿದ ಮೇಲೆ, ಹೋದ ಜ್ಯೇಷ್ಠದಲ್ಲಿ ನೀರು ಎಲ್ಲಿಂದ ಬಂದಿತು, ಎಷ್ಟು ದಿನಕ್ಕೆ ಬಂದಿತು, ದನಗಳನ್ನು ಎಲ್ಲಿಗೆ ಹೊಡೆದುಕೊಂಡು ಹೋದಿರಿ ಎಂದು ಕೇಳುವ ಯಾತ್ರಿಕನು ವಿರಳ. ಕೇಳಿದವನು ಒಂದೇ ಋತುವಿನಲ್ಲಿ ಹೋಗಿಯೂ ಮೂರು ಋತುಗಳನ್ನು ಕಂಡಂತಾಗುವುದು.

ಬಂಧುಗಳ ಮನೆಗೆ ಹೋಗುವಲ್ಲಿಯೂ ಜನರು ಸುಗ್ಗಿಯ ಕಾಲವನ್ನೇ ಆರಿಸಿಕೊಳ್ಳುವುದುಂಟು. ಅದರಲ್ಲಿ ದೋಷವಿಲ್ಲ; ಕೊಡುವವನ ಕೈ ತುಂಬಿರುವಾಗ ಹೋಗುವುದರಿಂದ ಅವನಿಗೂ ಸಂತೋಷ. ಆದರೆ ಸುಗ್ಗಿಯಲ್ಲಿ ಉಂಡವನು, ಆ ಮನೆಯಲ್ಲಿ ಆಷಾಢವೂ ಒಂದಿತ್ತೆಂಬುದನ್ನು ಮರೆತರೆ ಬಂಧುವೆನಿಸಲಾರನು. ಮರುಭೂಮಿಯೂ ಒಂದು ಮನೆ. ಅಲ್ಲಿ ವರ್ಷದ ಹನ್ನೆರಡು ತಿಂಗಳೂ ಒಲೆ ಹೊತ್ತುತ್ತದೆ. ಅದನ್ನು ನೆನಪಿನಲ್ಲಿಟ್ಟು, ಬಳಸಿದ ನೀರಿನ ಲೆಕ್ಕವನ್ನು ತಾನೂ ಇಟ್ಟುಕೊಂಡು ಬರುವವನಿಗೆ ಅಲ್ಲಿಯ ಯಾವ ಬಾಗಿಲೂ ಮುಚ್ಚಿರುವುದಿಲ್ಲ.